ಅಮ್ಮನ ಕಿವಿಯ ಮೊಗಸಾಲೆ

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ಮೂಳೆ ಅಕ್ಕ’ ಎಂದೇ ಕರೆಯುತ್ತಿದ್ದರು. ಕೆಲಸವೇ ಹಾಗಿತ್ತು. ಪುಣ್ಯಾತ್ಮರು ಸತ್ತ ಮೇಲೆ ದಾನ ಕೊಟ್ಟ ಕಿವಿಮೂಳೆಯನ್ನು ತಿಂಗಳುಗಟ್ಟಲೆ ದ್ರಾವಣದಲ್ಲಿ ನೆನೆಹಾಕಿ ಮೆತ್ತಗೆ ಮಾಡಬೇಕು, ಅಚ್ಚಿನಲ್ಲಿ ಕೂರಿಸಬೇಕು, ಕೂದಲಿಗಿಂತ ತೆಳ್ಳಗೆ ನಾನೂರು ಹೋಳು ಕೊಯ್ದು ಗಾಜಿನ ಮೇಲೆ ಹರಡಬೇಕು. ಒಳಗಿವಿಯ ನಡುವೆ ಬಟಾಣಿ ಕಾಳಿಗಿಂತ ಚಿಕ್ಕದೊಂದು ಪೊಳ್ಳು ಜಾಗವಿದೆ. ಡಾಕ್ಟರುಗಳಿಗೆ ಅದು ವೆಸ್ಟಿಬ್ಯೂಲ್, ಇವಳಿಗೆ ಮೊಗಸಾಲೆ. ಮನುಷ್ಯ ನೆಟ್ಟಗೆ ನಿಲ್ಲುವುದೇ ಅದರ ದಯೆಯಿಂದ. ಅದರೊಳಗಿನ ಪೊರೆ ನೀರು ತುಂಬಿ ಉಬ್ಬಿತೋ, ಮುಗಿಯಿತು ಕತೆ. ಮಲಗಿದವರಿಗೂ ಮಂಚ ಗಿರಗಿರ ತಿರುಗುತ್ತದೆ.

ಅವಳ ಅಮ್ಮನಿಗೆ ಇಪ್ಪತ್ತು ವರ್ಷ ತಲೆಸುತ್ತು. ಒಂದು ಕಿವಿಯಲ್ಲಿ ಮೊರೆತ ಶುರುವಾಗುತ್ತಿತ್ತು, ಹಿಂದೆಯೇ ಗೋಡೆ ಹಿಡಿದು ಕುಸಿದು ಕೂರುತ್ತಿದ್ದಳು, ವಾಂತಿ. ಅರ್ಧ ದಿನ ಕಳೆದರೆ ಏನೂ ಆಗದವಳಂತೆ ಪಾತ್ರೆ ತೊಳೆಯುತ್ತಿದ್ದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲವೂ ಸರಿ, ಪರೀಕ್ಷೆಗಳೂ ಸರಿ. “ಕೆಲಸ ಹೇಳಿದ್ರೆ ಸಾಕು, ಅಮ್ಮಂಗೆ ತಲೆ ತಿರುಗುತ್ತೆ” ಎಂದು ಅಣ್ಣ ಅಣಕಿಸಿದರೆ ಮನೆಯೆಲ್ಲ ನಗುತ್ತಿತ್ತು. ಸುಳ್ಳೇಕೆ ಹೇಳಬೇಕು, ಅವಳೂ ನಗುತ್ತಿದ್ದಳು.

ಅಮ್ಮ ಯಾರೊಂದಿಗೂ ಜಗಳಕ್ಕೆ ನಿಲ್ಲಲಿಲ್ಲ. ಒಂದು ದಿನ ಮಗಳಿಗೆ ಹೇಳಿದಳು: “ನಾನು ಸತ್ತ ಮೇಲೆ ಈ ಕಿವಿ ನಿಮ್ಮ ಲ್ಯಾಬಿಗೆ ತಗೊಂಡು ಹೋಗು. ಒಳಗೆ ಏನಿತ್ತು ಅಂತ ಇವರಿಗೆಲ್ಲ ತೋರಿಸು.”

ಮಗಳು ದಾನದ ಫಾರಂ ತಂದಾಗ ಅಮ್ಮ ಕನ್ನಡಿ ಮುಂದೆ ಕೂತು ತಲೆ ಬಾಚುತ್ತಿದ್ದಳು. ‘ತೊಂದರೆ ಇದ್ದ ಕಿವಿ’ ಎಂಬ ಸಾಲು ಬಂತು. ಮಗಳು ಅಮ್ಮನ ಬೆನ್ನ ಹಿಂದಿನಿಂದಲೇ ಕತ್ತೆತ್ತಿ ಕನ್ನಡಿ ನೋಡಿದಳು. ಮತ್ತೆ ಮೊರೆತ ಶುರುವಾಗಿತ್ತೇನೋ, ಅಮ್ಮ ಬಾಚಣಿಗೆ ಬಿಟ್ಟು ಒಂದು ಕಿವಿಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಮಗಳು ‘ಬಲ’ ಎಂದು ಬರೆದು ಸಹಿ ಹಾಕಿಸಿದಳು.

ಎರಡು ವರ್ಷಕ್ಕೆ ಅಮ್ಮ ಹೋದಳು. ಎರಡೂ ಕಿವಿಯ ಮೂಳೆ ನೆನೆಯಲು ಬಿದ್ದವು. ಆದರೆ ಕೊಯ್ಯುವುದು ಫಾರಮಿನಲ್ಲಿ ಬರೆದ ಕಿವಿಯನ್ನು ಮಾತ್ರ. ಇನ್ನೊಂದು ಬಾಟಲಿಯಲ್ಲೇ ಉಳಿಯುತ್ತದೆ. “ನಿನ್ನ ಕೈಲಾಗುತ್ತಾ?” ಎಂದು ದೊಡ್ಡ ಡಾಕ್ಟರು ಕೇಳಿದರು. “ನಾನೇ ಕೊಯ್ತೀನಿ” ಎಂದು ಹಟ ಹಿಡಿದಳು. ನಾನೂರು ಹೋಳು ಕೊಯ್ದಳು, ಒಂದೂ ಹರಿಯಲಿಲ್ಲ. ಡಾಕ್ಟರು ಎರಡು ದಿನ ನೋಡಿ ವರದಿ ಬರೆದರು: ಮೊಗಸಾಲೆ ಚೊಕ್ಕವಾಗಿದೆ, ಪೊರೆ ಉಬ್ಬಿಲ್ಲ, ರೋಗವಿಲ್ಲ.

ರಜೆಯ ದಿನ ಮನೆಗೆ ಬಂದ ಅಣ್ಣನಿಗೆ ಅವಳು ಆ ವರದಿಯನ್ನು ಓದಿ ಹೇಳಿದಳು. ಅವನಿಗೆ ಇನ್ನೇನು ಬೇಕು!

“ನಾನು ಬಡ್ಕೊಂಡಿದ್ದೇ ಅದು. ಸತ್ತ ಮೇಲೂ ನಾಟಕ ನೋಡು ಅವಳದು!” ಎಂದವನೇ ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು, ಕಣ್ಣು ಮೇಲೆ ಮಾಡಿ, “ಅಯ್ಯಯ್ಯೋ, ಹಿಡ್ಕೊಳ್ರೋ ಯಾರಾದ್ರೂ” ಎಂದು ಗೋಡೆಗೆ ಒರಗಿದ. ಅಮ್ಮನನ್ನು ಅಚ್ಚು ಹೊಡೆದಂತಿದ್ದ.

ಅವಳು ಅವನ ಕೈಯನ್ನೇ ನೋಡಿದಳು. “ಅಣ್ಣಾ, ಅದು ಎಡಗಿವಿ.”

“ಮತ್ತೆ? ಅಮ್ಮ ಯಾವಾಗ್ಲೂ ಎಡಗಿವೀನೇ ಹಿಡ್ಕೊಳ್ತಿದ್ಲು. ಇಪ್ಪತ್ತು ವರ್ಷ ಅಣಕಿಸಿದ್ದೀನಿ ಕಣೇ, ನಂಗೆ ಗೊತ್ತಿರಲ್ವಾ?”

ಫಾರಂ ತುಂಬಿದ ದಿನದ ಕನ್ನಡಿ ಅವಳಿಗೆ ನೆನಪಾಯಿತು. ಎದುರಿಗಿರುವವರ ಎಡ ನಮ್ಮ ಬಲಕ್ಕೆ ಕಾಣುತ್ತದೆ. ದಿನಬೆಳಗಾದರೆ ಮೂಳೆ ತೆಗೆಯಲು ಮೇಜಿನ ಮೇಲಿಟ್ಟ ತಲೆಗಳನ್ನು ಹಾಗೆ ಅದಲುಬದಲು ಮಾಡಿ ಓದುವುದು ಅವಳ ಕಸುಬು. ಆದರೆ ಕನ್ನಡಿಯಲ್ಲಿ ಎಡಗಿವಿ ಎಡಕ್ಕೇ ಕಾಣುತ್ತದೆ. ಬೇರೆ ಯಾರೇ ಆಗಿದ್ದರೂ ಕಂಡದ್ದು ಕಂಡಹಾಗೆ ‘ಎಡ’ ಎಂದು ಬರೆಯುತ್ತಿದ್ದರು. ಇವಳ ಕೈ ಅದನ್ನೂ ಬದಲಿಸಿಬಿಟ್ಟಿತ್ತು.

ಮರುದಿನ ದೊಡ್ಡ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡಳು. “ಇಷ್ಟು ವರ್ಷ ಸರ್ವಿಸ್ ಮಾಡಿ ಎಡ ಬಲ ಗೊತ್ತಾಗ್ಲಿಲ್ವೇನಮ್ಮಾ!” ಎಂದು ಚೆನ್ನಾಗಿ ಬೈದರು. ಬೈದಾದ ಮೇಲೆ, “ಇನ್ನೊಂದು ಬಾಟಲಿ ಇಳಿಸು” ಎಂದರು.

ಮೂರು ತಿಂಗಳಾದ ಮೇಲೆ ಅಣ್ಣನನ್ನು ಪ್ರಯೋಗಾಲಯಕ್ಕೆ ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಗುಲಾಬಿ ಬಣ್ಣದ ಪೊರೆ ಮೊಗಸಾಲೆಯನ್ನೆಲ್ಲ ತುಂಬಿಕೊಂಡು ಆಚೆ ಗೋಡೆಗೆ ಒತ್ತಿ ನಿಂತಿತ್ತು. “ಇದು ಇಲ್ಲೊಂದು ಮೂಲೇಲಿ ಮುದುರಿಕೊಂಡಿರಬೇಕಿತ್ತು. ಎಷ್ಟು ಉಬ್ಬಿದೆ ನೋಡು” ಎಂದಳು.

ಅಣ್ಣ ಬಗ್ಗಿ ನೋಡಿದ. ತಲೆ ಎತ್ತಿದಾಗ ಕೆನ್ನೆ ಒದ್ದೆಯಾಗಿತ್ತು. “ನಿಜವಾಗ್ಲೂ ತಿರುಗ್ತಿತ್ತಾ ಅವಳಿಗೆ? ಎಂಥ ಪಾಪಿ ಕಣೇ ನಾನು.”

“ನೀನಾದ್ರೂ ಯಾವ ಕಿವಿ ಅಂತ ನೋಡಿದ್ದೆ” ಎಂದಳು ಅವಳು. “ನಾನು ಇದೇ ಕೆಲಸ ಮಾಡೋಳು. ಒಂದೇ ಒಂದ್ಸಲನೂ ಅಮ್ಮನ್ನ ಕೇಳ್ಲಿಲ್ಲ.”