ಯಾರೂ ಕೂರದ ಕುರ್ಚಿ

ನನಗೆ ಯಾವ ಕಥೆಯದೂ ಶುರು ಗೊತ್ತಿಲ್ಲ. ಹೇಳಿದರೆ ಜನ ನಗುತ್ತಾರೆ, ಆದರೆ ಆಣೆ ಮಾಡಿ ಹೇಳ್ತೀನಿ, ನಿಜ. ಚಿಕ್ಕಂದಿನಿಂದ ನಾನು ಓದಿದ್ದೆಲ್ಲ ಪುಸ್ತಕಗಳ ಕೊನೆಯರ್ಧ. ಹಡಗು ಮುಳುಗಿದ್ದು ಗೊತ್ತು, ಅದು ಯಾಕೆ ಹೊರಟಿತ್ತು ಅಂತ ಗೊತ್ತಿಲ್ಲ. ಮುದುಕಿಯೊಬ್ಬಳು ಇದ್ದಬದ್ದ ಆಸ್ತಿಯನ್ನೆಲ್ಲ ನಾಯಿಗೆ ಬರೆದಿಟ್ಟು ಸತ್ತಳು. ಆ ಮುದುಕಿ ಯಾರು, ನಾಯಿ ಎಲ್ಲಿಂದ ಬಂತು, ದೇವರೇ ಬಲ್ಲ.

ಇದಕ್ಕೆಲ್ಲ ಕಾರಣ ಅಮ್ಮ. ನಾವು ಚಿಕ್ಕವರಿದ್ದಾಗ ವರ್ಷದ ಕೊನೆಯ ರಜೆಗೆ ಅಂತ ಮನೆಗೆ ಒಂದೇ ಒಂದು ದಪ್ಪ ಪುಸ್ತಕ ಬರುತ್ತಿತ್ತು. ಅದಕ್ಕಾಗಿ ನಾನೂ ಅಕ್ಕನೂ ಜುಟ್ಟು ಹಿಡಿದು ಕಿತ್ತಾಡುತ್ತಿದ್ದೆವು. ಒಂದು ವರ್ಷ ಅಮ್ಮ ರೇಗಿ, ಅಡುಗೆಮನೆಯ ಚಾಕು ತಂದು, ಪುಸ್ತಕವನ್ನು ನಟ್ಟನಡುವೆ ಕೊಯ್ದು, "ತಗೊಳ್ಳಿ, ಸಾಯಿರಿ" ಅಂತ ಒಬ್ಬೊಬ್ಬರ ಕೈಗೆ ಒಂದೊಂದು ತುಂಡು ಕೊಟ್ಟಳು. ದೊಡ್ಡವಳಿಗೆ ಮೊದಲರ್ಧ, ಚಿಕ್ಕವಳಿಗೆ ಕೊನೆಯರ್ಧ. ರಜೆ ಮುಗಿಯುವ ದಿನ ಇಬ್ಬರೂ ಅಮ್ಮನ ಮುಂದೆ ಕೂತು ನಮ್ಮನಮ್ಮ ಅರ್ಧ ಹೇಳಬೇಕಿತ್ತು. ಅಕ್ಕ ಹೇಳುವಾಗ ನಾನು ನನ್ನ ಪಾಲನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಇರುತ್ತಿದ್ದೆ, ಅವಳ ಕಥೆ ಕಿವಿಗೆ ಬಿದ್ದರೆ ತಾನೆ! "ಈ ಮನೇಲಿ ಇಡೀ ಕಥೆ ಸಿಗೋದು ನನಗೊಬ್ಬಳಿಗೇ" ಅಂತ ಅಮ್ಮ ಬೀಗುತ್ತಿದ್ದಳು.

ಮದುವೆ, ಮಕ್ಕಳು, ತಲೆ ನರೆತದ್ದು, ಯಾವುದಕ್ಕೂ ಈ ಪದ್ಧತಿ ನಿಲ್ಲಲಿಲ್ಲ. ಮೇಲಾಗಿ ಅಮ್ಮ ಇನ್ನೊಂದನ್ನು ಗಂಟುಹಾಕಿದಳು. ಪುಸ್ತಕಕ್ಕೆ ಮುಂಚೆ ವರ್ಷ ಹೇಳಬೇಕು. ಮೊದಲರ್ಧ ಓದಿದವಳು ಜನವರಿಯಿಂದ ಜೂನ್‌ವರೆಗೆ ಮನೆಯವರಿಗೆಲ್ಲ ಏನೇನಾಯಿತು ಅಂತ ಹೇಳಬೇಕು, ಇನ್ನೊಬ್ಬಳು ಅಲ್ಲಿಂದ ಮುಂದಕ್ಕೆ. ಬಿದ್ದದ್ದು, ಎದ್ದದ್ದು, ಕಲಿತದ್ದು, ಕಳೆದದ್ದು, ಒಂದನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಅಮ್ಮ "ಹಾಳೆ ಹಾರಿಸಬೇಡ" ಅಂತ ಗದರುತ್ತಿದ್ದಳು.

ಈ ವರ್ಷ ಗದರುವವಳೇ ಇಲ್ಲ. ಮೇ ತಿಂಗಳಲ್ಲಿ ಹೋದಳು.

ನಾನು ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವವಳು. ಬಹಳ ವರ್ಷ ಒಬ್ಬ ಮೇಸ್ತ್ರಿಯ ಕೈಕೆಳಗೆ ದುಡಿದು, ಈ ಜನವರಿಯಲ್ಲಿ ನನ್ನದೇ ಅಂಗಡಿ ಹಾಕಿದೆ. ಅಮ್ಮನಿಗೆ ಅದು ಸುತರಾಂ ಇಷ್ಟವಿರಲಿಲ್ಲ. "ಕೈಯಲ್ಲಿದ್ದ ಕೆಲಸ ಒದ್ದು ಬಂದ್ಯಲ್ಲ, ಇನ್ನು ಮೊಳೆ ತಿನ್ನು" ಅಂದಳು. ನಾನೂ ಅವಳ ಮಗಳೇ ತಾನೆ, ಸುಮ್ಮನಿರುತ್ತೇನೆಯೇ? ಅಕ್ಕನ ಮನೆಯಲ್ಲಿ, ಅಂದರೆ ಅಮ್ಮ ಇದ್ದ ಮನೆಯಲ್ಲಿ, ಒಂದು ಹಳೇ ಕೈಕುರ್ಚಿ ಅಲ್ಲಾಡಿಕೊಂಡು ಬಿದ್ದಿತ್ತು. ಅದನ್ನು ತಂದು, ಕೀಲುಗಳಿಗೆ ಹೊಸ ಅಂಟು ಹಾಕಿ, ಸೀಟಿನ ಕೆಳಗೆ ಪಟ್ಟಿ ಬಿಗಿದು, ಫೋಮ್ ಆದರೆ ಅಮ್ಮನಿಗೆ ಸೆಕೆ ಅಂತ ಹೊಸ ಹತ್ತಿ ತುಂಬಿ, ಮೇಲೆ ಹಸಿರು ಬಟ್ಟೆ ಹೊದಿಸಿದೆ. ಅಂಗಡಿಯ ಮೊದಲ ಕೆಲಸ ಅದು. ಎದೆಯುಬ್ಬಿಸಿಕೊಂಡು ಹೊತ್ತು ತಂದು ಅವಳ ಮುಂದೆ ಇಟ್ಟರೆ ಅಮ್ಮ ಸುತ್ತ ಒಂದು ಸಲ ನೋಡಿ, "ಬಂದವರು ಕೂತ್ಕೊಳ್ಳಲಿ" ಅಂದಳು, ಅಷ್ಟೇ.

ಆಮೇಲೆ ನಾನು ಪ್ರತಿ ಭಾನುವಾರ ಹೋದಾಗಲೂ ಅವಳು ಮರದ ಸ್ಟೂಲಿನ ಮೇಲೇ ಇರುತ್ತಿದ್ದಳು. ಬಲಸೊಂಟ ನೋವು ಅಂತ ಎಡಕ್ಕೆ ವಾಲಿಕೊಂಡು, ಮುಖ ಗಂಟಿಕ್ಕಿಕೊಂಡು. ಪಕ್ಕದಲ್ಲೇ ಕುರ್ಚಿ ಹಸಿರಾಗಿ ಖಾಲಿ ನಿಂತಿರುತ್ತಿತ್ತು. ಹಟಕ್ಕೂ ಒಂದು ಮಿತಿ ಬೇಡವೇ? "ನನ್ನ ಮುಂದೂ ಕೂತಿಲ್ಲ ಕಣೇ" ಅನ್ನುತ್ತಿದ್ದಳು ಅಕ್ಕ.

ಮೇನಲ್ಲಿ ಫೋನ್ ಬಂದು ಓಡಿಹೋದಾಗ ಅಮ್ಮನನ್ನು ಮಂಚದ ಮೇಲೆ ಮಲಗಿಸಿದ್ದರು. ನಾನು ಅಳುವ ಬದಲು ಅಕ್ಕನ ಭುಜ ಹಿಡಿದು ಕುಲುಕಿದೆ. "ಏನಂದ್ಲು? ನನ್ನ ಬಗ್ಗೆ ಏನಾದ್ರೂ ಅಂದ್ಲಾ?" ಅಂತ. ಅಕ್ಕ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನನ್ನ ಕೈ ಹಿಡ್ಕೊಂಡು, 'ಚಿಕ್ಕವಳು ಮಾಡಿದ್ದು ಸರಿ' ಅಂದ್ಲು" ಎಂದಳು.

ಆ ಒಂದು ಮಾತಿನ ಮೇಲೆ ನನ್ನ ಅಂಗಡಿ ನಿಂತಿದೆ. ಜೂನ್‌ನಲ್ಲಿ ನೊಣ ಹೊಡೆಯುತ್ತಾ ಕೂತಾಗ, ಮೇಸ್ತ್ರಿ "ವಾಪಸ್ ಬಂದುಬಿಡಮ್ಮ" ಅಂತ ಹೇಳಿಕಳಿಸಿದಾಗ, ಆ ಮಾತು ನೆನೆಸಿಕೊಂಡೇ ಬೆಳಿಗ್ಗೆ ಷಟರ್ ಎತ್ತುತ್ತಿದ್ದೆ. ಅವನು ಈಗಲೂ ಕರೆಯುತ್ತಾನೆ. ರಜೆ ಮುಗಿದ ಮೇಲೆ ಬರ್ತೀಯೋ ಇಲ್ಲವೋ ಒಂದು ಮಾತು ಹೇಳಿಬಿಡು ಅಂದಿದ್ದಾನೆ. ಇಲ್ಲ ಅನ್ನುವುದು ಅಂತ ತೀರ್ಮಾನ ಮಾಡಿದ್ದೆ. ಅಮ್ಮನೇ ಸರಿ ಅಂದ ಮೇಲೆ ಇನ್ಯಾವನ ಮಾತು?

ಆದರೆ ಜುಲೈನಲ್ಲಿ ಅಕ್ಕ ನನ್ನ ತಲೆ ಕೆಡಿಸಿಬಿಟ್ಟಳು. ಅಕ್ಕ ಕಾರು ಓಡಿಸಲು ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು ತನ್ನ ಕಾಲಡಿಯ ಬ್ರೇಕ್ ಒತ್ತಿ ಒತ್ತಿ, ಕಲಿಯಲು ಬಂದವರ ಬಾಯಲ್ಲಿ ಬ್ರೇಕಕ್ಕ ಆಗಿದ್ದಾಳೆ. ಯಾರು ಪಾಸಾದರೂ "ಹ್ಞೂಂ, ಪರವಾಗಿಲ್ಲ" ಅನ್ನುವುದೇ ಅವಳ ಬಾಯಿಂದ ಬರುವ ದೊಡ್ಡ ಹೊಗಳಿಕೆ. ಆ ದಿನ ಹಸಿರು ಕುರ್ಚಿಯನ್ನು ಕಾರಿನ ತಲೆ ಮೇಲೆ ಹಗ್ಗದಲ್ಲಿ ಕಟ್ಟಿಕೊಂಡು ಬಂದು ಅಂಗಡಿಯಲ್ಲಿ ಇಳಿಸಿ, "ಇದನ್ನ ನೀನೇ ಇಟ್ಕೋ" ಅಂದಳು. ನಾನು ಎಂದಿನಂತೆ ಈ ವರ್ಷದ ರಜೆಯ ಪುಸ್ತಕವನ್ನು ಮುಂಚೆಯೇ ತಂದು ಬ್ಲೇಡಿನಲ್ಲಿ ಎರಡಾಗಿಸಿ, ಎರಡಕ್ಕೂ ರೆಕ್ಸಿನ್ ರಟ್ಟು ಅಂಟಿಸಿ ಇಟ್ಟಿದ್ದೆ. ಮೊದಲರ್ಧ ಚಾಚಿದರೆ ತೆಗೆದುಕೊಳ್ಳಲಿಲ್ಲ.

"ಈ ಸಲ ಮೊದಲರ್ಧ ನೀನು ಓದು."

"ಯಾಕೆ?"

"ಸುಮ್ನೆ."

ಸುಮ್ಮನೆ ಅಂತೆ! ಕುರ್ಚಿ ವಾಪಸ್, ಪದ್ಧತಿ ತಿರುಗುಮುರುಗು, ಕಾರಣ ಮಾತ್ರ ಸುಮ್ಮನೆ. ನನ್ನ ಕೈಕೆಲಸ ಅವಳಿಗೂ ಬೇಡವಾಯಿತು ಅಂತ ಹೊಟ್ಟೆ ಉರಿಯಿತು. ಅವಳು ಹೋದ ಮೇಲೆ ಕುರ್ಚಿ ನೋಡಿದರೆ ಸೀಟು ತಗ್ಗಾಗಿದೆ. ಅದೂ ಒಂದೇ ಕಡೆ. ಯಾರೂ ಕೂರದ ಕುರ್ಚಿ ತಗ್ಗುವುದೆಂದರೆ ಏನರ್ಥ? ಹತ್ತಿ ಕಳಪೆ, ಇನ್ನೇನು! ಎಲ್ಲ ಸಿಟ್ಟೂ ಸೇರಿಕೊಂಡು, ನನಗೆ ಆ ಹತ್ತಿ ಮಾರಿದ್ದ ಹತ್ತಿಯಣ್ಣನ ಅಂಗಡಿಗೆ ಹೋದೆ.

"ಏನ್ರೀ, ಹೊಸ ಹತ್ತಿ ಅಂತ ಹಳೇ ಹಾಸಿಗೆ ಬಿಚ್ಚಿ ಕೊಟ್ಟಿದ್ದೀರಾ?"

"ಇಲ್ಲಮ್ಮ, ಹತ್ತಿ ತಾನಾಗಿ ತಗ್ಗಲ್ಲ. ದಿನಾ ಯಾರೋ ಕೂತಿದ್ದಾರೆ."

"ಯಾರೂ ಕೂತಿಲ್ಲ ಕಣ್ರೀ ಅದರಲ್ಲಿ! ನಮ್ಮಮ್ಮ ಸತ್ತರೂ ಕೂರಲಿಲ್ಲ ಅದರಲ್ಲಿ!"

ಬೀದಿಯವರೆಲ್ಲ ಬಂದು ನಿಂತರು. ಪಾಪ, ಆ ಮನುಷ್ಯ ಕೈಮುಗಿದು ಒಳಗೆ ಹೋದ. ಅಂದಿನಿಂದ ನಾನು ಅವನ ಅಂಗಡಿ ಮೆಟ್ಟಿಲು ತುಳಿದಿಲ್ಲ.

ಪುಸ್ತಕ ಓದಲು ಶುರು ಮಾಡಿದರೆ ಅದೊಂದು ಬೇರೆ ಪಜೀತಿ. ಗಂಟೆ ಎರಕ ಹೊಯ್ಯುವ ಮೂವರು ಅಣ್ಣತಮ್ಮಂದಿರ ಕಥೆ. ಇಷ್ಟು ವರ್ಷ ನನಗೆ ಕೊನೆ ಗೊತ್ತಿರುತ್ತಿತ್ತು, ಯಾರು ಅಂತ ಗೊತ್ತಿರುತ್ತಿರಲಿಲ್ಲ. ಈಗ ಯಾರು, ಎತ್ತ, ಯಾರ ಮನಸ್ಸಿನಲ್ಲಿ ಏನಿದೆ ಎಲ್ಲ ಗೊತ್ತು, ಏನಾದರು ಅಂತ ಗೊತ್ತಿಲ್ಲ. ಮೂರನೆಯವನು ನದಿಗೆ ಬಿದ್ದ ಕಡೆ ನನ್ನ ಅರ್ಧ ಮುಗಿಯಿತು. ಬದುಕಿದನೋ ಸತ್ತನೋ? ಅಕ್ಕನಿಗೆ ಫೋನ್ ಮಾಡಿ ಕೇಳೋಣವೆಂದರೆ ಪದ್ಧತಿ ಅಡ್ಡ. ಸೋಫಾದ ಅಂಚಿಗೆ ಮೊಳೆ ಹೊಡೆಯುವಾಗಲೂ ಅವನದೇ ಯೋಚನೆ. ಅಕ್ಕ ಯಾಕೆ ಹೀಗೆ ಮಾಡಿದಳು ಅನ್ನುವುದೂ ಅದರ ಜೊತೆಗೇ ಸುತ್ತುತ್ತಿತ್ತು.

ರಜೆಯ ಕೊನೆಯ ದಿನ, ಅಂದರೆ ಇವತ್ತು ಮಧ್ಯಾಹ್ನ, ಅಕ್ಕ ನನ್ನ ಅಂಗಡಿಗೆ ಬಂದಳು. ಷಟರ್ ಅರ್ಧ ಎಳೆದು, ಫ್ಲಾಸ್ಕಿನ ಚಹಾ ಬಗ್ಗಿಸಿದೆ. ಕೂರಲು ಇದ್ದದ್ದೇ ಹಸಿರು ಕುರ್ಚಿ. ಅವಳು ಅದನ್ನು ಬಿಟ್ಟು ರೆಕ್ಸಿನ್ ಸುರುಳಿಯ ಮೇಲೆ ಕೂತಳು. ಇವಳೂ ಶುರು ಮಾಡಿದಳಲ್ಲ ಅಂತ ನನಗೆ ಉರಿಯಿತು. ನಾನು ಕೆಲಸದ ಮೇಜಿನ ಮೇಲೆ ಹತ್ತಿ ಕೂತೆ.

"ಯಾರ ಮುಂದೆ ಹೇಳೋದೇ ಈಗ?" ಅಂದಳು.

"ನಿನ್ನ ಮುಂದೆ ನಾನು, ನನ್ನ ಮುಂದೆ ನೀನು. ಇನ್ನೇನು ದಾರೀಲಿ ಹೋಗೋರನ್ನ ಕರೀಲಾ?"

"ನನ್ನರ್ಧದಲ್ಲಿ ಒಬ್ಬ ಕುಂಟ ಬರ್ತಾನೆ ಕಣೇ, ಅವನನ್ನ ಕಂಡ ಕೂಡಲೇ ಮನೆಯವರೆಲ್ಲ ಅಳ್ತಾರೆ. ಯಾರವನು? ನನಗೆ ತಲೆಬುಡ ಗೊತ್ತಾಗ್ಲಿಲ್ಲ."

ಬದುಕಿದ್ದಾನೆ! ನದಿಗೆ ಬಿದ್ದ ಆ ಮೂರನೆಯವನೇ ಇವನು. ಆದರೂ ಬಿಗಿಯಾಗಿ, "ಮೊದಲು ವರ್ಷ, ಆಮೇಲೆ ಪುಸ್ತಕ" ಅಂದೆ. ಮೊದಲರ್ಧ ನನ್ನದು. ಹೇಳುತ್ತಾ ಹೋದೆ. ಜನವರಿಯಲ್ಲಿ ಅಂಗಡಿ. ಫೆಬ್ರುವರಿಯಲ್ಲಿ ಅಕ್ಕನಿಗೆ ಕನ್ನಡಕ. ಮಾರ್ಚ್‌ನಲ್ಲಿ ಕಲಿಯುವವನೊಬ್ಬ ಕಾರನ್ನು ಗೋಡೆಗೆ ಗುದ್ದಿ ಅಕ್ಕನ ಹಲ್ಲಿನ ತುದಿ ಮುರಿದದ್ದು. ಏಪ್ರಿಲ್‌ನಲ್ಲಿ ಒಂದು ಸಿನಿಮಾ ಮಂದಿರದ ಸೀಟುಗಳೆಲ್ಲ ನನ್ನ ಕೈಗೆ ಬಂದದ್ದು. ಅಕ್ಕ ತಲೆ ತಗ್ಗಿಸಿ ಹ್ಞೂಂಗುಟ್ಟುತ್ತಿದ್ದಳು.

"ಮೇ ತಿಂಗಳಲ್ಲಿ ಅಮ್ಮ," ಅಂದೆ.

ಅಕ್ಕನ ಬಲಗಾಲು ನೆಲವನ್ನು ಒತ್ತಿತು. ಬ್ರೇಕ್ ಅವಳ ಮೈಗೇ ಹತ್ತಿಹೋಗಿದೆ.

"ಅದು ಗೊತ್ತಲ್ಲ, ಮುಂದೆ ಹೋಗು."

"ಹಾಳೆ ಹಾರಿಸೋ ಹಾಗಿಲ್ಲ. ಅಮ್ಮ ಮಂಚದ ಮೇಲೆ ಮಲಗಿದ್ಲು, ನೀನು ಪಕ್ಕದಲ್ಲಿದ್ದೆ, ನಿನ್ನ ಕೈ ಹಿಡ್ಕೊಂಡು..."

"ಅದು ಇಲ್ಲ," ಅಂದಳು ಅಕ್ಕ.

"ಏನು ಇಲ್ಲ?"

"ನೀನು ಹೇಳ್ತಿರೋದು ಯಾವುದೂ ಇಲ್ಲ. ನಾನು ಅಲ್ಲಿರ್ಲಿಲ್ಲ ಕಣೇ." ಅವಳು ಚಹಾದ ಲೋಟ ನೆಲಕ್ಕಿಟ್ಟಳು. "ಎದೆ ಯಾಕೋ ಹಿಡ್ಕೊಂಡ ಹಾಗಿದೆ, ಇವತ್ತು ಹೋಗ್ಬೇಡ ಅಂದಿದ್ಲು ಅಮ್ಮ. ಕಾರು ಕಲಿಯೋ ಒಬ್ಬಳಿಗೆ ಮಾರನೇ ದಿನ ಪರೀಕ್ಷೆ ಇತ್ತು ಅಂತ ಹೋದೆ. ಬಂದಾಗ ಮುಗಿದಿತ್ತು. ಎದುರುಮನೆ ನರ್ಸನ್ನ ಕರೆದು ಇಬ್ಬರೂ ಸೇರಿ ಮಂಚಕ್ಕೆ ಹಾಕಿದ್ವಿ. ನೀನು ಬಂದವಳೇ ಏನಂದ್ಲು, ಏನಂದ್ಲು ಅಂತ ಕುಲುಕಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅದನ್ನ ಇನ್ನೊಂದ್ಸಲ ಕೂತು ಕಥೆ ಹೇಳಿದ ಹಾಗೆ ಹೇಳೋಕೆ ನನ್ನಿಂದ ಆಗಲ್ಲ ಅಂತ್ಲೇ ಮೇ ಬರೋ ಮೊದಲರ್ಧ ನಿನ್ನ ತಲೆಗೆ ಕಟ್ಟಿದೆ."

ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಅಂತ ತಿಳಿಯಲಿಲ್ಲ. ಅಮ್ಮ ಒಬ್ಬಳೇ ಹೋದಳೇ? ಹಾಗಾದರೆ ಇಷ್ಟು ದಿನ ನಾನು ಷಟರ್ ಎತ್ತಿದ್ದು ಯಾರ ಮಾತಿನ ಮೇಲೆ?

"ಹಾಗಾದ್ರೆ ಆ ಮಾತು ಯಾರದ್ದು?"

"ನಂದು."

"ನಿಂದಾ? ಜನ್ಮದಲ್ಲಿ ನಿನ್ನ ಬಾಯಿಂದ ಒಂದು ಒಳ್ಳೇ ಮಾತು ಕೇಳಿಲ್ಲ ನಾನು!"

"ಅದಕ್ಕೇ ಅಮ್ಮನ ಹೆಸರಲ್ಲಿ ಹೇಳಿದೆ."

ನಗಬೇಕೋ ಬಾರಿಸಬೇಕೋ? "ನನಗೆ ಬೇಕಾಗಿದ್ದು ಅಮ್ಮನ ಮಾತು ಅಕ್ಕ, ನಿಂದಲ್ಲ" ಅಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಅಂದಮೇಲೆ ನನಗೂ ಕಷ್ಟವಾಯಿತು, ಆದರೆ ನಿಜ ಅದೇ ಆಗಿತ್ತು. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಹೋಗಿತ್ತೋ ಇಲ್ಲವೋ ಇನ್ನು ಯಾರು ಹೇಳುತ್ತಾರೆ? ನಾಳೆ ಮೇಸ್ತ್ರಿಗೆ ಏನಂತ ಹೇಳಲಿ? ಎಲ್ಲ ಕಲಸುಮೇಲೋಗರ ಆಗಿಹೋಯಿತು.

ಚಹಾ ಆರಿತು. ಕೊನೆಗೆ, ಏನಾದರೂ ಒಂದು ನಿಜ ಸಿಕ್ಕಲಿ ಅಂತ ಕೇಳಿದೆ.

"ನೀನು ಬಂದಾಗ ಹೇಗಿದ್ಲು? ನೆಲದ ಮೇಲೆ ಬಿದ್ದಿದ್ಲಾ?"

"ಇಲ್ಲಪ್ಪ. ಕೂತಿದ್ಲು. ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ತಲೆ ಹಿಂದಕ್ಕಿಟ್ಟು, ನಿದ್ದೆ ಹೋದ ಹಾಗೆ. ಕನ್ನಡಕ ಕೈಹಿಡಿ ಮೇಲಿತ್ತು, ಪಕ್ಕದಲ್ಲಿ ನೀರಿನ ಲೋಟ."

"ಸ್ಟೂಲಿನ ಮೇಲೆ ಕಾಲಾದ್ರೆ ಕೂತಿದ್ದು ಯಾವುದರ ಮೇಲೆ?"

ಅಕ್ಕ ಗಲ್ಲದಲ್ಲೇ ಹಸಿರು ಕುರ್ಚಿಯನ್ನು ತೋರಿಸಿದಳು. "ಅದರಲ್ಲೇ. ಬಾಗಿಲು ತೆಗೆದಾಗೆಲ್ಲ ಅದೇ ಕಣ್ಣಿಗೆ ಬರೋದು ಅಂತ ತಂದು ನಿನ್ನ ಹತ್ರ ಬಿಟ್ಟೆ. ಹೊಸದಾಗಿ ಏನೂ ಅಂದ್ಕೋಬೇಡ. ಉಸಿರು ಕಟ್ಟಿದಾಗ ಹತ್ತಿರ ಇದ್ದದ್ದರಲ್ಲಿ ಕೂತಿರ್ತಾಳೆ, ಅಷ್ಟೇ. ಅದಕ್ಕೆ ಮುಂಚೆ ಒಂದು ದಿನವೂ ಕೂತಿದ್ದು ನಾನು ನೋಡಿಲ್ಲ."

ನಾನು ಮೇಜಿನಿಂದ ಇಳಿದೆ. ಕುರ್ಚಿಯ ಮುಂದೆ ಮಂಡಿಯೂರಿ ಸೀಟಿನ ಮೇಲೆ ಅಂಗೈ ಇಟ್ಟೆ. ತಗ್ಗು ಹಾಗೇ ಇತ್ತು. ಎಡಗಡೆ ಆಳ, ಬಲಗಡೆ ಕಡಿಮೆ. ಬಲಸೊಂಟ ನೋವಿದ್ದವರು ವಾಲಿ ಕೂತರೆ ಆಗುವ ತಗ್ಗು.

"ನೀನು ಬೆಳಿಗ್ಗೆ ಹೋದ್ರೆ ಬರೋದು ಯಾವಾಗ?"

"ಸಂಜೆ. ಅಲ್ಲೀವರೆಗೆ ಮನೇಲಿ ಅವಳೊಬ್ಬಳೇ ಇರ್ತಿದ್ಲು. ಯಾಕೆ?"

"ಒಂದು ದಿನ ಕೂತರೆ ಹತ್ತಿ ಹೀಗಾಗಲ್ಲ ಅಕ್ಕ."

"ಅಂದ್ರೆ?"

"ನೀನು ಅತ್ತ ಹೋದ ಕೂಡಲೇ ಇತ್ತ ಬಂದು ಕೂರ್ತಿದ್ಲು, ಕಳ್ಳಿ! ದಿನಾ. ನೀನು ಬರೋ ಹೊತ್ತಿಗೆ ಎದ್ದು ಸ್ಟೂಲಿಗೆ ಹೋಗ್ತಿದ್ಲು. ತಿಂಗಳುಗಟ್ಟಲೆ ಕೂತಿದ್ದಾಳೆ ಇದರಲ್ಲಿ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳೂ ಬಂದು ನನ್ನ ಪಕ್ಕ ಕೂತು ಆ ತಗ್ಗಿನಲ್ಲಿ ಕೈಯಿಟ್ಟಳು. ಇಬ್ಬರೂ ಅತ್ತೆವು, ನಡುವೆ ನಗುವೂ ಬಂತು, ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಅಮ್ಮ ನಾನು ಮಾಡಿದ್ದು ಸರಿ ಅಂದುಕೊಂಡಿದ್ದಳೋ, ಕುರ್ಚಿ ಮೆತ್ತಗಿದೆ ಅಂತ ಮಾತ್ರ ಕೂತಳೋ, ಈಗಲೂ ನನಗೆ ಗೊತ್ತಿಲ್ಲ. ಮೆತ್ತಗಿತ್ತಲ್ಲ, ಸಾಕು. ಬರಲ್ಲ ಅಂತ ಮೇಸ್ತ್ರಿಗೆ ಹೇಳಲು ಅಷ್ಟು ಸಾಕು.

"ಬೇರೆ ಹತ್ತಿ ತುಂಬ್ತೀಯಾ ಇದಕ್ಕೆ?" ಅಂದಳು ಅಕ್ಕ ಮೂಗೊರೆಸಿಕೊಂಡು.

"ಮುಟ್ಟಲ್ಲ."

ಹಾಗಂದ ಮೇಲೆ ನೆನಪಾಯಿತು, ಅಯ್ಯೋ ದೇವರೇ! ನಾಳೆ ಬೆಳಿಗ್ಗೆ ಷಟರ್ ಎತ್ತುವ ಮುಂಚೆ ಹತ್ತಿಯಣ್ಣನ ಅಂಗಡಿಗೆ ಹೋಗಬೇಕು. ಬೀದಿಯವರ ಮುಂದೆಯೇ ಹೇಳಬೇಕು, ನೀವು ಹೇಳಿದ್ದೇ ಸರಿ ಕಣಣ್ಣ, ದಿನಾ ಯಾರೋ ಕೂತಿದ್ದರು ಅಂತ.