ಮೀನೆಣ್ಣೆ ಹಚ್ಚಿದ ಕುದುರೆ

ನಾನೊಂದು ಮರದ ಕುದುರೆ. ಕುದುರೆಯಾಗಬೇಕೆಂದು ಹುಟ್ಟಿದವನಲ್ಲ, ದೋಣಿಗೆಂದು ಕೊಯ್ದ ಹೆಬ್ಬಲಸಿನ ಮರದಲ್ಲಿ ಮಿಕ್ಕ ತುಂಡು. ದೋಣಿ ಕಟ್ಟುವ ದೂಮಣ್ಣ ನನ್ನನ್ನು ಕೆತ್ತಿದ. ಅವನು ಕುದುರೆಯನ್ನು ಹತ್ತಿರದಿಂದ ನೋಡಿದವನೇ ಅಲ್ಲ. ಹಾಗಾಗಿ ನನ್ನ ಕಿವಿ ಆಡಿನದು, ಹೊಟ್ಟೆ ಥೇಟ್ ದೋಣಿಯದು. ಆದರೂ ಮಕ್ಕಳು ನನ್ನನ್ನು ಕುದುರೆಯೆಂದೇ ಒಪ್ಪಿಕೊಂಡರು.

ಕಡಲ ದಂಡೆಯ ಆಟದ ಪಾರ್ಕಿನಲ್ಲಿ ನಾವು ಹನ್ನೆರಡು ಕುದುರೆಗಳು ಒಂದು ಕಂಬದ ಸುತ್ತ ತಿರುಗುತ್ತಿದ್ದೆವು. ನಮಗೆ ಮೋಟಾರು ಇರಲಿಲ್ಲ, ದೂಮಣ್ಣನ ತೋಳುಗಳಿದ್ದವು. ಫೈಬರ್ ದೋಣಿಗಳು ಬಂದು ಅವನ ಉಳಿಗೆ ಕೆಲಸವಿಲ್ಲವಾದಾಗ ಪಾರ್ಕಿನ ಯಜಮಾನರು ನಮ್ಮನ್ನು ತಳ್ಳಲು ಅವನನ್ನೇ ಇಟ್ಟುಕೊಂಡಿದ್ದರು. ಪ್ರತಿ ಸೋಮವಾರ ಅವನು ನಮ್ಮ ಮೈಯ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು, ದೋಣಿಗೆ ಹಚ್ಚುವಂತೆಯೇ ಮೀನೆಣ್ಣೆ ತಿಕ್ಕುತ್ತಿದ್ದ. ನಮ್ಮ ಮೇಲೆ ಕೂತ ಮಕ್ಕಳು ಬೂತಾಯಿ ಮೀನಿನ ವಾಸನೆ ಹೊತ್ತು ಮನೆಗೆ ಹೋಗುತ್ತಿದ್ದರು. ತಾಯಂದಿರು ಗೊಣಗುತ್ತಿದ್ದರು, ಮುಂದಿನ ಭಾನುವಾರ ಮತ್ತೆ ಕರೆತರುತ್ತಿದ್ದರು. ಹೀಗೆ ಮೂವತ್ತು ವರ್ಷ ಸುತ್ತಿದೆವು.

ಯಜಮಾನರು ತೀರಿಕೊಂಡ ಮೇಲೆ ಅವರ ಮನೆಯವರು ಪಾರ್ಕನ್ನು ಹೋಟೆಲಿನವರಿಗೆ ಮಾರಿದರು. ಅಲ್ಲಿದ್ದ ಕಬ್ಬಿಣದ ಜಯಂಟ್ ವೀಲ್ ತೊಟ್ಟಿಲನ್ನು ಗ್ಯಾಸ್ ಕಟರಿನ ಬೆಂಕಿಯಲ್ಲಿ ತುಂಡರಿಸಿದರು. ನನ್ನ ಹನ್ನೊಂದು ಒಡಹುಟ್ಟುಗಳು ಸೌದೆಯ ಲಾರಿ ಹತ್ತಿದವು. ದೂಮಣ್ಣ ಮಾತ್ರ ನನ್ನ ಕುತ್ತಿಗೆ ತಬ್ಬಿಕೊಂಡು ನಿಂತುಬಿಟ್ಟ. ಹೋಟೆಲಿನ ಮ್ಯಾನೇಜರ್ ಹುಡುಗಿಗೆ ಪಾಪ ಅನ್ನಿಸಿತು.

“ಇದೊಂದನ್ನ ನಮ್ಮ ಹಾಲ್‌ನಲ್ಲಿ ಇಡೋಣ ಅಜ್ಜ. ನೀವೂ ಜೊತೆಗಿರಿ, ಬಂದವರಿಗೆ ಪಾರ್ಕಿನ ಕಥೆ ಹೇಳಿ. ಉದ್ಘಾಟನೆಗೆ ಚೆನ್ನಾಗಿ ಪಾಲಿಶ್ ಮಾಡಿ ತನ್ನಿ,” ಎಂದಳು.

ಹೋಟೆಲು ಏಳಲು ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ಅವನು ಆ ಮಾತನ್ನೇ ನೆಚ್ಚಿಕೊಂಡು ಬದುಕಿದ. ಉದ್ಘಾಟನೆಯ ಬೆಳಗ್ಗೆ, ಹೊಸ ದೋಣಿಯನ್ನು ನೀರಿಗಿಳಿಸುವಾಗ ಮಾಡುವಂತೆ, ನನಗೆ ಮೂರು ಸಲ ಮೀನೆಣ್ಣೆ ಹಚ್ಚಿದ.

“ದೊಡ್ಡ ಜನರ ಎದುರು ಒಣ ಮೈಯಲ್ಲಿ ಹೋಗ್ಲಿಕ್ಕುಂಟಾ? ನಮ್ಮ ಮರ್ಯಾದೆ ಎಂತ ಆಗ್ತದೆ?”

ಹೋಟೆಲಿನ ಎಸಿ ಹಾಲ್‌ನ ಕಿಟಕಿಗಳೆಲ್ಲ ಮುಚ್ಚಿದ್ದವು. ಇಸ್ತ್ರಿ ಅಂಗಿ ತೊಟ್ಟ ದೂಮಣ್ಣ “ಇದು ಹೆಬ್ಬಲಸಿನ ಮರ” ಎಂದು ಕಥೆ ಶುರುಮಾಡುವಷ್ಟರಲ್ಲಿ ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಹುಡುಗಿ ಓಡಿ ಬಂದಳು.

“ಬೇಡ ಅಜ್ಜ, ತಗೊಂಡು ಹೋಗಿ,” ಎಂದಳು ಮೆಲ್ಲನೆ.

ಹಿಂಬಾಗಿಲಿನಿಂದ ನಾವಿಬ್ಬರೂ ಹೊರಬಿದ್ದೆವು. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಈಗ ನಾನು ಅವನ ಮನೆಯ ಹಿಂದೆ, ಬಲೆ ಇಡುವ ಚಪ್ಪರದ ಮೂಲೆಯಲ್ಲಿದ್ದೇನೆ. ಎಣ್ಣೆಯ ಡಬ್ಬಿಯನ್ನು ಅವನು ಅಂದೇ ಕಡಲಿಗೆಸೆದ. ದಿನಾ ಸೋಪು ಹಾಕಿ ನನ್ನನ್ನು ತಿಕ್ಕುತ್ತಾನೆ. ಎಣ್ಣೆ ಕಾಣದ ಮರ ಸೀಳುತ್ತದೆಂದು ದೋಣಿ ಕಟ್ಟಿದವನಿಗೆ ತಿಳಿಯದ್ದಲ್ಲ. ನನ್ನ ಹೊಟ್ಟೆ ಉದ್ದಕ್ಕೆ ಬಿರಿದಿದೆ. ನೋವು ಅದರದ್ದಲ್ಲ, ತಪ್ಪು ನಿನ್ನದಲ್ಲವೆಂದು ಅವನಿಗೆ ಹೇಳಲಾಗದ್ದರದ್ದು.

ನಿನ್ನೆ ಅವನು ಬಗ್ಗಿ ನನ್ನನ್ನು ಮೂಸಿ ನೋಡಿದ.

“ವಾಸನೆ ಪೂರ್ತಿ ಹೋಯ್ತು ಮಾರಾಯ. ಇನ್ನು ಅವರು ಬೇಡ ಅನ್ಲಿಕ್ಕಿಲ್ಲ,” ಎಂದ.

ಹಾಗೆನ್ನುವಾಗ ಅವನ ನಾಲ್ಕು ಬೆರಳೂ ನನ್ನ ಸೀಳಿನೊಳಗೇ ಇದ್ದವು.