ಮುತ್ಯಾನ ಟಗರು

"ನಮ್ಮನ್ನ ಕುರಿ ಅಂದೀರಂತ?"

ಕಾಡುಗೋಡಿಯ ಸರ್ಕಾರಿ ಪಿಯು ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹನುಮವ್ವ ಕೇಳಿದಳು. ಬಿಲ್ಡಿಂಗ್ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದಳು, ಸೆರಗಿಗೆ ಇನ್ನೂ ಸಿಮೆಂಟ್ ಮೆತ್ತಿತ್ತು. ಕಾಲು ಕೆರೆದು ಜಗಳಕ್ಕೇ ಬಂದವಳು, ಅದನ್ನು ಮುಚ್ಚಿಡುವಷ್ಟು ನಯ ಅವಳಿಗಿರಲಿಲ್ಲ.

ಬಯಾಲಜಿ ಹೇಳಿಕೊಡುವ ಭಾಗ್ಯಶ್ರೀ ಮೇಡಂ ಪೇಪರ್ ತಿದ್ದುವುದನ್ನು ನಿಲ್ಲಿಸಲಿಲ್ಲ. ಬಸ್ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವ ದನಿಯಲ್ಲಿ ಕೂತ್ಕೊಳ್ಳಿ ಅಂದರು. ಹನುಮವ್ವ ಕೂರಲಿಲ್ಲ.

ಆದದ್ದು ಇಷ್ಟು. ಸೆಕೆಂಡ್ ಪಿಯುಸಿ ಓದುವ ಮಗಳು ಸವಿತಾಗೆ ಹದಿನೆಂಟು ತುಂಬಿತ್ತು. ಪರೀಕ್ಷೆ ಮುಗಿದ ಕೂಡಲೇ ಅವಳನ್ನು ಹನುಮವ್ವನ ಒಡಹುಟ್ಟಿದ ತಮ್ಮ ರೇವಣಸಿದ್ದನಿಗೆ ಕೊಡುವುದೆಂದು ಮಾತಾಗಿತ್ತು. ಸೋದರಮಾವನಿಗೆ ಕೊಡುವುದೇನು ಹೊಸದೇ? ಹನುಮವ್ವನೇ ತನ್ನ ತಾಯಿಯ ತಮ್ಮ ಅಮರಪ್ಪನನ್ನು ಕಟ್ಟಿಕೊಂಡವಳು. ಈಗ ನೋಡಿದರೆ ಈ ಮೇಡಂ ಮಕ್ಕಳ ಕೈಲಿ ಮನೆತನದ ನಕ್ಷೆ ಬರೆಸಿ, ರಕ್ತಸಂಬಂಧದ ಮದುವೆಗೆಲ್ಲ ಜೋಡಿ ಗೆರೆ ಎಳೆಸಿದ್ದಾಳೆ. ಸವಿತಾ ಆ ಹಾಳೆಯನ್ನು ಮಾವನ ಎದುರೇ ಬಿಚ್ಚಿ, ಒಲ್ಲೆ ಅಂದುಬಿಟ್ಟಳು. ರೇವಣಸಿದ್ದ ಉಣ್ಣುವ ತಾಟು ಒದ್ದು ಎದ್ದ.

"ಈ ಲಗ್ನ ಮುರೀತಂದ್ರ ನಿನಗ ತವರು ಮುಚ್ಚಿತು ಅಂತ ತಿಳಿ, ಅಕ್ಕಾ" ಅಂದ.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಹನುಮವ್ವನ ಪಾಲಿಗೆ ತವರೆಂದರೆ ಈ ತಮ್ಮನೊಬ್ಬನೇ. ಈಗಲೂ ಅವನೇ ಬೈಕಿನಲ್ಲಿ ಕರೆತಂದು ಗೇಟಿನ ಹೊರಗೆ ಕಾಯುತ್ತಿದ್ದ. ಅದೆಲ್ಲ ಬರೀ ಪುಸ್ತಕದ ಮಾತು ಎಂದು ಮೇಡಂ ತನ್ನ ಬಾಯಿಂದಲೇ ಸವಿತಾಗೆ ಹೇಳಬೇಕು, ಒಪ್ಪಿಸಿಕೊಂಡೇ ಬಾ ಎಂದು ಅಕ್ಕನನ್ನು ಒಳಗೆ ಅಟ್ಟಿದ್ದ.

"ಕುರಿ ಅನ್ನಲಿಲ್ಲ" ಎಂದರು ಭಾಗ್ಯಶ್ರೀ. "ನಿಮ್ಮಪ್ಪ ಎರಡು ವರ್ಷಕ್ಕೊಂದ್ಸಲ ಟಗರು ಬದಲಾಯಿಸ್ತಿದ್ರಂತೆ. ಮುತ್ಯಾನ ಟಗರು ಅಂತ ಸವಿತಾನೇ ಕ್ಲಾಸಲ್ಲಿ ಹೇಳಿದ್ಲು. ಯಾಕೆ ಬದಲಾಯಿಸ್ತಿದ್ರು, ನೀವೇ ಹೇಳಿ."

ಕುರಿ ಕಾದು ಬೆಳೆದವಳಿಗೆ ಇದೂ ಒಂದು ಪ್ರಶ್ನೆಯೇ? "ಬದಲಿ ಮಾಡ್ಲಿಲ್ಲಂದ್ರ ತನ್ನ ಹೆಣ್ಣು ಮರೀಗೇ ಹಾರತೈತಿ. ಹುಟ್ಟಿದ್ದು ಕುರುಡೋ ಕುಂಟೋ..." ಎಂದು ಸರಾಗವಾಗಿ ಶುರು ಮಾಡಿದ ಹನುಮವ್ವ ಅಲ್ಲೇ ನಿಂತಳು. ತನ್ನ ಬಾಯಿಂದಲೇ ಇದನ್ನು ಹೊರಡಿಸಿದ ಈ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

"ಕುರಿಗೆ ತವರು ಇರಂಗಿಲ್ರೀ ಮೇಡಂ" ಎಂದಳು.

ಭಾಗ್ಯಶ್ರೀ ತಿದ್ದುವುದನ್ನು ನಿಲ್ಲಿಸಿದರು. ಮಕ್ಕಳು ಒಪ್ಪಿಸಿದ್ದ ಕಟ್ಟಿನಿಂದ ಸವಿತಾಳ ಹಾಳೆ ಎಳೆದು ಮುಂದಕ್ಕೆ ತಳ್ಳಿದರು. ಚೌಕ ಅಂದರೆ ಗಂಡು, ಸೊನ್ನೆ ಅಂದರೆ ಹೆಣ್ಣು, ಕಿವಿ ಕೇಳದವರಿಗೆ ಕಪ್ಪು ಎಂದು ಒಣ ದನಿಯಲ್ಲಿ ಹೇಳಿದರು. ಅಕ್ಷರ ಬಾರದ ಹನುಮವ್ವನಿಗೆ ಅದು ಸಲೀಸಾಗಿ ತಿಳಿಯಿತು. ಜೋಡಿ ಗೆರೆಯ ಆಚೆ ಈಚೆ ತಾನು, ಅಮರಪ್ಪ. ಕೆಳಗೆ ಬಿಳಿ ಸೊನ್ನೆ ಸವಿತಾ. ಕಪ್ಪು ಚೌಕ ಹುಟ್ಟು ಕಿವುಡ ಮಗ ಹಣಮಂತ. ದೇವರು ಕೊಟ್ಟದ್ದು ಎಂದು ಹದಿನಾಲ್ಕು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದನ್ನು ಮಗಳು ಪೆನ್ಸಿಲ್ಲಿನಲ್ಲಿ ಬಳಿದಿಟ್ಟಿದ್ದಳು.

ಹೊರಗೆ ರೇವಣಸಿದ್ದ ಹಾರ್ನ್ ಹೊಡೆದ.

"ಇದು ತಪ್ಪೈತಿ" ಎಂದಳು.

ಏನು ತಪ್ಪೆಂದು ಮೇಡಂ ಕೇಳುವಷ್ಟರಲ್ಲಿ ಅವಳು ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡಿದ್ದಳು. ಎಂದೂ ಪೆನ್ಸಿಲ್ ಹಿಡಿಯದ ಕೈ. ಮುಷ್ಟಿಯಲ್ಲಿ ಹಿಡಿದು, ಸವಿತಾಳ ಪಕ್ಕದಲ್ಲಿ ಸೊಟ್ಟಗೆ ಎರಡು ಸೊನ್ನೆ ಸುತ್ತಿದಳು. ಒಂದು ಕೂಸು ಎಂಟು ತಿಂಗಳು ಬದುಕಿತ್ತು, ಇನ್ನೊಂದು ಎರಡು ವರ್ಷ. ಆ ಮಾತನ್ನು ಸವಿತಾಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ಇವು ಅಕಿಗಿಂತ ಮೊದಲಿನವು. ಕಿವಿ ಮುಂದ ತಾಟು ಬಡಿದ್ರೂ ಹೊಳ್ಳಿ ನೋಡ್ತಿರ್ಲಿಲ್ಲ."

ಮೇಡಂ ಏನೋ ಹೇಳಬಂದರು. ನೀವು ಸುಮ್ಕಿರ್ರಿ ಎಂದು ಹನುಮವ್ವ ಗದರಿದಳು.

ಹಾರ್ನ್ ಬಿಡದೆ ಬಡಿದುಕೊಳ್ಳುತ್ತಿತ್ತು. ಅವಳು ಹೊರಳಿ ನೋಡಲಿಲ್ಲ. ತಲೆ ತಗ್ಗಿಸಿ ಆ ಎರಡು ಸೊನ್ನೆಗಳಿಗೆ ಕಪ್ಪು ತುಂಬುತ್ತಲೇ ಇದ್ದಳು.